ಡಾಂಬರಿನ ಕೆಳಗಿನ ವಾಲ್ವ್

ಲೂಕನದು ಔರಾದ ತಾಲ್ಲೂಕಿನ ಚಿಂತಾಕಿ. ಬೀದರಿಗೆ ಬಂದು ಇಪ್ಪತ್ತಾರು ವರ್ಷ. ಬಂದ ದಿನದಿಂದ ಒಂದೇ ಕೆಲಸ, ನೀರು ಬಿಡುವುದು. ಎದೆಮಟ್ಟದ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿ ಓಣಿ ತಿರುಗಿ, ಚೇಂಬರಿನ ಮುಚ್ಚಳ ಎತ್ತಿ, ಒಳಗಿನ ವಾಲ್ವ್ ತಿರುಗಿಸುತ್ತಾನೆ. ಯಾವ ರಸ್ತೆಯ ಕೆಳಗೆ ಯಾವ ಪೈಪ್ ಹಾಯ್ದಿದೆ ಎಂದು ಹೇಳುವ ನಕಾಶೆ ಕಚೇರಿಯಲ್ಲಿ ಇಲ್ಲ. ಎಲ್ಲಾದರೂ ಪೈಪ್ ಒಡೆದರೆ ಎಂಜಿನಿಯರುಗಳು ಮೊದಲು ಅವನಿಗೇ ಫೋನ್ ಮಾಡುತ್ತಾರೆ.

ಮೈಲೂರ ಕಡೆ ಹೋಗುವ ರಸ್ತೆ ಅಗಲ ಮಾಡುವ ಕೆಲಸ ಶುರುವಾದಾಗ ಲೂಕನಿಗೂ ಖುಷಿಯಾಗಿತ್ತು. ಆ ರಸ್ತೆಯ ಗುಂಡಿಗಳಲ್ಲಿ ಅವನ ಸೈಕಲ್ಲು ಎರಡು ಸಲ ಮುರಿದಿತ್ತು. ಮೂಲೆಯ ಬೇವಿನ ಮರ ಹೋಯಿತು, ಲೈಟಿನ ಕಂಬಗಳು ಹಿಂದೆ ಸರಿದವು, ಎರಡೂ ಬದಿಯ ಮನೆಗಳು ಆರಾರು ಅಡಿ ಕಳೆದುಕೊಂಡವು. ಆಮೇಲೆ ಒಂದು ಬದಿಗೆ ಡಾಂಬರು ಬಿತ್ತು. ಮರುದಿನ ಬೆಳಿಗ್ಗೆ ಲೂಕ ಹೋಗಿ ನೋಡಿದರೆ ಅವನ ಮುಚ್ಚಳಗಳು ಒಂದೂ ಕಾಣಲಿಲ್ಲ. ಎಲ್ಲವನ್ನೂ ಡಾಂಬರು ನುಂಗಿತ್ತು.

ಗುತ್ತಿಗೆದಾರರ ಕಡೆಯ ಎಂಜಿನಿಯರ್ ಸುಶೀಲಕುಮಾರ, ಭಾಲ್ಕಿಯವನು, ಇಪ್ಪತ್ತೇಳು ವರ್ಷದ ಮನುಷ್ಯ. ಲೂಕ ಅವನ ಹತ್ತಿರ ಹೋದ.

"ಸಾಹೇಬ್ರೆ, ನಮ್ಮ ಚೇಂಬರ್ ಎಲ್ಲಾ ಮುಚ್ಚಿಬಿಟ್ಟೀರಿ. ನಾಳೆ ಪೈಪ್ ಒಡೆದ್ರ ಎಲ್ಲಿ ಬಂದ್ ಮಾಡ್ಲಿ?"

"ಎತ್ತರಾ ಮಾಡಿ ಕೊಡ್ತೇವರಿ. ಅದು ಬ್ಯಾರೆ ಟೆಂಡರ್ ಅದ. ಮ್ಯಾಲಿಂದ ಆರ್ಡರ್ ಬರ್ಲಿ."

ಲೂಕ ತನ್ನ ಕಚೇರಿಗೂ ಅರ್ಜಿ ಬರೆದುಕೊಟ್ಟ. ಮೂರು ವಾರ ಕಳೆದರೂ ಯಾರೂ ಏನೂ ಹೇಳಲಿಲ್ಲ.

ಏಪ್ರಿಲ್‌ನ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಲೂಕ ಪಕ್ಕದ ಓಣಿಯಲ್ಲಿದ್ದ. ಮುಖ್ಯ ರಸ್ತೆಯಿಂದ ಹೆಂಗಸೊಬ್ಬಳು ಚೀರಿದ್ದು ಕೇಳಿ ಸೈಕಲ್ಲು ಆ ಕಡೆ ತಿರುಗಿಸಿದ.

ಡಾಂಬರು ಹಾಕದ ಬದಿಯಲ್ಲಿ ಒಳಚರಂಡಿಗೆಂದು ಎಂಟಡಿ ಆಳದ ತೆಗ್ಗು ತೋಡಿದ್ದರು. ಮಣ್ಣು ಕುಸಿಯದಂತೆ ಬದಿಗೆ ಹಲಗೆ ಕೊಟ್ಟಿರಲಿಲ್ಲ. ಒಂದು ಬದಿ ಕುಸಿದು, ಕೆಳಗೆ ಕೆಲಸ ಮಾಡುತ್ತಿದ್ದ ಮಡೆಪ್ಪ ಸೊಂಟದ ತನಕ ಹೂತುಹೋಗಿದ್ದ. ಕುಸಿದ ಮಣ್ಣಿನ ಹಿಂದೆ ಕುಡಿಯುವ ನೀರಿನ ದೊಡ್ಡ ಪೈಪಿತ್ತು. ಆಸರೆ ತಪ್ಪಿದ್ದಕ್ಕೆ ಅದರ ಜೋಡಣೆ ಬಿಟ್ಟುಕೊಂಡು ನೀರು ತೆಗ್ಗಿನೊಳಗೆ ಧುಮುಕುತ್ತಿತ್ತು. ಲೂಕ ಬಗ್ಗಿ ನೋಡಿದಾಗ ಕೆಮ್ಮಣ್ಣಿನ ನೀರು ಮಡೆಪ್ಪನ ಹೊಟ್ಟೆಯ ಮೇಲೆ ಬಂದಿತ್ತು.

ಚೀರುತ್ತಿದ್ದವಳು ಅವನ ಹೆಂಡತಿ ಕೌಸಲ್ಯಾಬಾಯಿ. ಖಟಕ ಚಿಂಚೋಳಿಯಿಂದ ಇಬ್ಬರೂ ಒಟ್ಟಿಗೇ ಈ ಕೆಲಸಕ್ಕೆ ಬಂದವರು. ಅವಳು ತೆಗ್ಗಿಗೆ ಇಳಿಯಲು ಹೋದರೆ ನಾಲ್ಕು ಜನ ಹಿಡಿದುಕೊಂಡಿದ್ದರು. ಇಬ್ಬರು ಕೂಲಿಯವರು ಹಗ್ಗ ಕಟ್ಟಿಕೊಂಡು ಕೆಳಗಿಳಿದು ಕೈಯಿಂದಲೇ ಮಣ್ಣು ತೋಡುತ್ತಿದ್ದರು. ತೋಡಿದಷ್ಟೂ ನೀರು ಮತ್ತೆ ಮಣ್ಣು ತಂದು ತುಂಬುತ್ತಿತ್ತು.

"ಪಂಪ್ ಹಚ್ಚೀನರಿ, ಸಾಲವಲ್ದು," ಎಂದ ಸುಶೀಲಕುಮಾರ. "ಫೈಯರ್‌ನವ್ರಿಗೆ ಹೇಳೀನಿ. ಟ್ರಾಫಿಕ್ಕಿನಾಗ ಸಿಕ್ಕಾರಂತ."

ಲೂಕ ಟ್ಯಾಂಕಿನ ಆಪರೇಟರಿಗೆ ಫೋನ್ ಹಚ್ಚಿದ. ಅವನು ಅಲ್ಲಿ ಬಂದ್ ಮಾಡಿದ. ಆದರೆ ಟ್ಯಾಂಕು ಎರಡು ಕಿಲೋಮೀಟರ್ ದೂರ, ಎತ್ತರದಲ್ಲಿ. ನಡುವಿನ ಪೈಪಿನಲ್ಲಿದ್ದ ನೀರೆಲ್ಲ ಇಳಿದು ಇಲ್ಲಿಗೇ ಬರಬೇಕು. ಅದಕ್ಕೆ ಅರ್ಧ ತಾಸಾದರೂ ಬೇಕು. ಮಡೆಪ್ಪನಿಗೆ ಅಷ್ಟು ಹೊತ್ತಿರಲಿಲ್ಲ.

"ನಡುವ ಒಂದು ವಾಲ್ವ್ ಅದ," ಎಂದ ಲೂಕ. "ನಿಮ್ಮ ಡಾಂಬರಿನ ಕೆಳಗ."

"ಎಲ್ಲದರಿ ಅದು?"

ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಸಲ ತಿರುಗಿಸಿದ ವಾಲ್ವ್ ಅದು. ಬೇವಿನ ಮರದಿಂದ ಹನ್ನೊಂದು ಹೆಜ್ಜೆ. ಈಗ ಮರವಿಲ್ಲ, ಕಂಬವಿಲ್ಲ, ಮನೆಗಳ ಮುಂಭಾಗವಿಲ್ಲ. ಮುಂದೆ ಕರ್ರಗೆ, ಸಪಾಟಾಗಿ ರಸ್ತೆ ಬಿದ್ದಿತ್ತು. ಪೈಪಿನ ಸಾಲು ಡಾಂಬರಿನ ಅಂಚಿಗೆ ಎರಡು ಮೊಳ ಒಳಗೆ ಎಂಬುದು ಗೊತ್ತಿತ್ತು. ಆ ಸಾಲಿನ ಮೇಲೆ ಎಲ್ಲಿ ಎಂಬುದೇ ಕಾಣಲಿಲ್ಲ. ಲೂಕ ಅಂದಾಜಿನ ಮೇಲೆ ಒಂದು ಕಡೆ ನಿಂತು, ಜೆಸಿಬಿಯವನಿಗೆ ಕೈ ಮಾಡಿದ. "ಇಲ್ಲಿ ಒಡೀ!"

ಜೆಸಿಬಿಯವನು ಎಂಜಿನಿಯರಿನ ಮುಖ ನೋಡಿದ. ಹೊಸ ರಸ್ತೆ.

"ಒಡೀ ಅಂತಾರಲ್ಲ, ಒಡೀ!" ಎಂದು ಸುಶೀಲಕುಮಾರ ಕೂಗಿದ.

ಡಾಂಬರು ಎದ್ದಿತು, ಜಲ್ಲಿ ಎದ್ದಿತು, ಕೆಳಗೆ ಬರೀ ಮುರ್ರಂ ಮಣ್ಣು. ಎರಡು ಗಜ ಅತ್ತ ಒಡೆಸಿದ, ಅಲ್ಲೂ ಮಣ್ಣು. ತೆಗ್ಗಿನ ಕಡೆಯಿಂದ ಯಾರೋ ಕೂಗಿದರು: "ಎದಿಗೆ ಬಂತು ನೀರು!" ಸಾಲಿನುದ್ದಕ್ಕೂ ಒಡೆಯುತ್ತ ಹೋಗಲು ಹೊತ್ತಿಲ್ಲ. ಕುರುಡಾಗಿ ಒಡೆದರೆ ಜೆಸಿಬಿಯ ಹಲ್ಲು ವಾಲ್ವಿಗೇ ತಾಗಿ, ಅದೂ ಮುರಿದೀತು.

ಅಷ್ಟರಲ್ಲಿ ಎದುರು ಮನೆಯ ಅನ್ವರಿ ಬೇಗಂ ಹೊರಗೆ ಬಂದಳು. ರಸ್ತೆಗೆ ತನ್ನ ಮುಂದಿನ ಪಡಸಾಲೆಯನ್ನೇ ಕಳೆದುಕೊಂಡವಳು. ಒಳಗಿನ ಕೋಣೆಯೇ ಈಗ ರಸ್ತೆಗೆ ಮುಖ ಮಾಡಿತ್ತು.

"ಲೂಕಭಾಯ್, ಏನ್ ಹುಡುಕ್ತೀರಿ?"

"ನಮ್ಮ ಮುಚ್ಚಳ, ಆಪಾ. ಮರದ ಹತ್ರ ಇತ್ತಲ್ಲ, ಅದು."

"ಆ ಖಡಕ್ ಖಡಕ್ ಅನ್ನೂದೇನು? ಗಾಡಿ ಹಾಯ್ದಾಗೆಲ್ಲ ನನ್ನ ನಿದ್ದಿ ಕೆಡಸ್ತಿತ್ತು! ಇಲ್ಲಿ ಬರ್ರಿ." ಅವಳು ಅವನ ತೋಳು ಹಿಡಿದು ಕಿಟಕಿಯ ಮುಂದೆ ನಿಲ್ಲಿಸಿದಳು. "ಈ ಖಿಡಕಿ ಹಂಗೇ ಅದ. ಇದರ ಬಲಗಡಿ ಸಳಿಯಿಂದ ಸೀದಾ ನೋಡ್ರಿ. ಪಲಂಗದ ಮ್ಯಾಲ ಮಲಗಿ ದಿನಾ ನೋಡೀನಿ, ಸ್ಕೂಟರಿನವ್ರು ಅಲ್ಲೇ ಎಗರ್ತಿದ್ರು."

ಲೂಕ ಕಿಟಕಿಗೆ ಬೆನ್ನು ಹಚ್ಚಿ, ಆ ಸರಳಿನಿಂದ ನೇರ ನಡೆದು, ಪೈಪಿನ ಸಾಲು ಬಂದಲ್ಲಿ ನಿಂತ. ಮೊದಲು ಒಡೆಸಿದ್ದಕ್ಕಿಂತ ಆರು ಗಜ ಆಚೆ. "ಡಾಂಬರಷ್ಟೇ ಎತ್ತು," ಎಂದ ಜೆಸಿಬಿಯವನಿಗೆ. "ಮುಂದ ಕೈಲೆ ಮಾಡ್ತೇವಿ."

ಡಾಂಬರು ಎದ್ದ ಮೇಲೆ ಸುಶೀಲಕುಮಾರನೇ ಹಾರೆ ಹಿಡಿದು ಅಗೆದ. ನಾಲ್ಕನೆಯ ಏಟಿಗೆ ಕಬ್ಬಿಣದ ಸದ್ದು ಬಂತು. ಮುಚ್ಚಳ ಎತ್ತಿ, ಒಳಗೆ ತುಂಬಿದ್ದ ಜಲ್ಲಿಯನ್ನು ಬೊಗಸೆಯಲ್ಲಿ ಬಾಚಿ, ಲೂಕ ಚಾವಿ ಇಳಿಬಿಟ್ಟು ಕೂರಿಸಿದ. ತಿರುಗಲಿಲ್ಲ. ತಿಂಗಳ ಹತ್ತಿರ ಮುಟ್ಟದೆ ಬಿಟ್ಟ ವಾಲ್ವ್ ಬಿಗಿದುಕೊಂಡಿತ್ತು. ಇಬ್ಬರೂ ಸೇರಿ ಅಮುಕಿದರು. ಸುಶೀಲಕುಮಾರ ಇನ್ನೂ ಜೋರು ಹಾಕಹೋದ.

"ಧಡಕಿ ಹೊಡೀಬ್ಯಾಡ್ರಿ! ಮುರೀತಂದ್ರ ಮುಗೀತು. ಒಂಚೂರು ಹಿಂದ, ಒಂಚೂರು ಮುಂದ."

ಹಿಂದೆ, ಮುಂದೆ, ಹಿಂದೆ. ಕರಕರ ಎಂದು ಒಂದು ಸುತ್ತು ಬಂತು. ಆಮೇಲೆ ಎರಡನೆಯದು. ಅದು ಪೂರ್ತಿ ಬಂದ್ ಆಗಲು ಮೂವತ್ತೆಂಟು ಸುತ್ತು ಬೇಕು. ಲೂಕ ಬಾಯಲ್ಲಿ ಎಣಿಸುತ್ತ ತಿರುಗಿಸಿದ. ಇಪ್ಪತ್ತರ ತನಕ ನೀರಿನ ಸದ್ದಿನಲ್ಲಿ ಏನೂ ಫರಕಿಲ್ಲ. ಕೌಸಲ್ಯಾಬಾಯಿಯ ಚೀರಾಟ ನಿಂತುಹೋಗಿತ್ತು. ಅವಳು ಚೀರುವಾಗ ಇದ್ದದ್ದಕ್ಕಿಂತ ಹೆಚ್ಚಿನ ಹೆದರಿಕೆ ಈಗ ಲೂಕನಿಗಾಯಿತು. ತಲೆ ಎತ್ತಿ ನೋಡುವ ಧೈರ್ಯವಾಗಲಿಲ್ಲ. ಮೂವತ್ತಕ್ಕೆ ಸದ್ದು ಇಳಿಯಿತು. ಮೂವತ್ತೇಳಕ್ಕೆ ನಿಂತಿತು.

ನೀರು ಮಡೆಪ್ಪನ ಗದ್ದ ಮುಟ್ಟಿ ನಿಂತಿತ್ತು. ಕೆಳಗಿದ್ದವರಲ್ಲಿ ಒಬ್ಬ ಅವನ ತಲೆಯನ್ನು ಎರಡೂ ಕೈಯಿಂದ ಮೇಲಕ್ಕೆ ಹಿಡಿದಿದ್ದ. ಪಂಪು ನೀರನ್ನು ಹೀರತೊಡಗಿತು. ನಲವತ್ತು ನಿಮಿಷ ಮಣ್ಣು ತೋಡಿ, ಆಗ ತಲುಪಿದ ಫೈಯರ್‌ನವರ ಸ್ಟ್ರೆಚರಿನ ಮೇಲೆ ಅವನನ್ನು ಎತ್ತಿದರು. ಎಡಗಾಲು ಎರಡು ಕಡೆ ಮುರಿದಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು. "ಆಕಿ ಎಲ್ಲಿ?" ಎಂದು ಮಾತ್ರ ಕೇಳಿದ.

"ಇಲ್ಲೇ ಅದೀನಿ," ಎಂದಳು ಕೌಸಲ್ಯಾಬಾಯಿ.

ಲೂಕ ಒಡೆದ ಡಾಂಬರಿನ ಮೇಲೆ ಕೂತ. ಕೈಯೆಲ್ಲ ಡಾಂಬರು, ಮಣ್ಣು; ಅನ್ವರಿ ಬೇಗಂ ಕೊಟ್ಟ ನೀರಿನ ಲೋಟ ಹಿಡಿಯಲು ಬರಲಿಲ್ಲ. ಅವಳೇ ಹಿಡಿದು ಕುಡಿಸಿದಳು.

ಎಂಟು ದಿನಕ್ಕೆ ಕಚೇರಿಯಿಂದ ಅವನಿಗೊಂದು ನೋಟಿಸು ಬಂತು. ಹೊಸ ರಸ್ತೆಯನ್ನು ಅನುಮತಿಯಿಲ್ಲದೆ ಮೂರು ಕಡೆ ಒಡೆಸಿದ್ದು ಯಾಕೆ, ವಿವರಣೆ ಕೊಡಬೇಕು. ಲೂಕನ ಹೆಂಡತಿ ದೊರ್ಕಾ ನರ್ಸು. ಕಾಲಿಗೆ ರಾಡ್ ಹಾಕಿಸಿಕೊಂಡು ಮಡೆಪ್ಪ ಮಲಗಿದ್ದ ವಾರ್ಡಿನಲ್ಲೇ ಅವಳ ಡ್ಯೂಟಿ. ಆ ಕಾಗದ ಓದಿ ಅವಳ ಮುಖ ಕೆಂಪಗಾಯಿತು. "ಬರ್ದು ಕೊಡ್ರಿ ವಿವರಣಿ. ಇಲ್ಲಂದ್ರ ನಾ ಬರೀತೇನಿ." ಆದರೆ ಅದಕ್ಕೂ ಮೊದಲೇ ಸುಶೀಲಕುಮಾರ ಕಚೇರಿಗೆ ಹೋಗಿ, ರಸ್ತೆ ಒಡೆಯಲು ಹೇಳಿದ್ದು ನಾನು, ಚೇಂಬರು ಮುಚ್ಚಿಸಿದ್ದೂ ನಾನು, ಹಲಗೆ ಕೊಡದೆ ಜನ ಇಳಿಸಿದ್ದೂ ನಾನು ಎಂದು ಬರೆದು ಸಹಿ ಮಾಡಿ ಬಂದಿದ್ದ. ಗುತ್ತಿಗೆದಾರರು ಅವನನ್ನು ಕೆಲಸದಿಂದ ತೆಗೆದರು. ಲೂಕನ ನೋಟಿಸು ಮುಂದೆ ಹೋಗಲಿಲ್ಲ. ಜೂನ್ ಒಳಗೆ ಆ ರಸ್ತೆಯ ಚೇಂಬರುಗಳೆಲ್ಲ ಡಾಂಬರಿನ ಮಟ್ಟಕ್ಕೆ ಬಂದವು. ಒಂದೊಂದನ್ನೂ ಲೂಕನೇ ನಿಂತು ಎಬ್ಬಿಸಿದ. ಮಡೆಪ್ಪ ಊರಿಗೆ ಹೋದ. ಈಗ ಕುಂಟುತ್ತ ನಡೆಯುತ್ತಾನೆ, ತೆಗ್ಗಿನ ಕೆಲಸಕ್ಕೆ ಹೋಗುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಭಾಲ್ಕಿಯಲ್ಲೂ ರಸ್ತೆ ಕೆಲಸ ಹಿಡಿದರು. ಅಲ್ಲಿನ ನೀರು ಬಿಡುವವನ ಜೊತೆ ಸೇರಿ ವಾಲ್ವ್‌ಗಳ ಗುರುತು ಹಾಕಲು ಲೂಕನನ್ನು ಅಲ್ಲಿಗೆ ಕಳಿಸಿದರು. ಅವನು ಬಸ್ಸಿಳಿದು ಹೋದಾಗ ಏಳಡಿಯ ತೆಗ್ಗಿನಲ್ಲಿ ಆರು ಜನ ಇದ್ದರು, ಬದಿಗೆ ಒಂದು ಹಲಗೆಯೂ ಇರಲಿಲ್ಲ.

"ಮ್ಯಾಲ ಬರ್ರಿ ಎಲ್ಲಾರೂ," ಎಂದ.

"ನೀವ್ಯಾರ್ರಿ ಹೇಳಾವ್ರು?" ಎಂದ ಅಲ್ಲಿನ ಮೇಸ್ತ್ರಿ.

"ನೀರ್ ಬಿಡಾಂವ." ಲೂಕ ತೆಗ್ಗಿನ ಅಂಚಿನಲ್ಲಿ ಕೂತು ಕಾಲು ಕೆಳಗೆ ಇಳಿಬಿಟ್ಟ. "ಹಲಗಿ ಬರೂತನಕ ಇಲ್ಲಿಂದ ಏಳಂಗಿಲ್ಲ."

ಆರೂ ಜನ ಮೇಲೆ ಹತ್ತಿ ಬಂದು ಕೂತರು. ಹಲಗೆ ಬಂದಾಗ ಮಧ್ಯಾಹ್ನ ಮೂರು ಹೊಡೆದಿತ್ತು.