ಕಾಮಾಲೆ ಬಂದವನೂ ಬಾರದವನೂ

ಎರಡು ಕುರ್ಚಿಯ ಕಟಿಂಗ್ ಶಾಪ್. ಒಂದು ಕುರ್ಚಿ ಐವತ್ತೆರಡು ವರ್ಷದ ಮಾಲೀಕನದು, ಇನ್ನೊಂದು ಅವನ ಹೆಂಡತಿಯ ತಮ್ಮನದು. ಗಿರಾಕಿಗಳಿಗೆ ತಲೆಗೊಂದು ಹೊಸ ಬ್ಲೇಡು. ಅದರಲ್ಲಿ ಇಬ್ಬರೂ ಕಟ್ಟುನಿಟ್ಟು. ಸಂಜೆ ಬಾಗಿಲು ಹಾಕುವ ಮುನ್ನ ಮಾತ್ರ ಒಬ್ಬರಿಗೊಬ್ಬರು ಶೇವ್ ಮಾಡಿಕೊಳ್ಳುತ್ತಿದ್ದರು, ಅದೂ ಒಂದೇ ಬ್ಲೇಡಿನಲ್ಲಿ. "ಮನೆಯೋರ ಮಧ್ಯೆ ನಿಂದು ನಂದು ಏನು?" ಎನ್ನುವುದು ಮಾಲೀಕನ ವಾದ.

ಕಳೆದ ವರ್ಷ ಭಾವಮೈದುನನಿಗೆ ಕಾಮಾಲೆ ಬಂತು. ಹೆಪಟೈಟಿಸ್ ಬಿ ಎಂದರು. ಕಣ್ಣು ಅರಿಶಿನವಾಗಿ, ಅನ್ನ ಕಂಡರೆ ವಾಕರಿಸುತ್ತ ಒಂದೂವರೆ ತಿಂಗಳು ಮಲಗಿದ. ಮಾಲೀಕ ಗಿರಾಕಿಗಳ ಮುಂದೆ ನಕ್ಕ: "ಈಗಿನೋರು ಗಾಳಿ ಬೀಸಿದ್ರೆ ಬೀಳ್ತಾರೆ. ನನಗೆ ನೋಡಿ, ಒಂದು ನೆಗಡೀನೂ ಇಲ್ಲ!"

ವೈದ್ಯೆಯ ಮಾತಿನಂತೆ ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿಕೊಂಡರು. ಹೆಂಡತಿಗೆ ಏನೂ ಇರಲಿಲ್ಲ. ವೈರಸ್ ಸಿಕ್ಕಿದ್ದು ಮಾಲೀಕನ ರಕ್ತದಲ್ಲಿ.

"ಲಿವರ್ ಸುಡೋದು ವೈರಸ್ ಅಲ್ಲ," ಎಂದರು ವೈದ್ಯೆ. "ಕಳ್ಳ ಹೊಕ್ಕ ಕೋಣೆಗೆ ಮೈಯ ಕಾವಲುಗಾರರೇ ಬೆಂಕಿ ಇಡ್ತಾರೆ. ನಿಮ್ಮ ಭಾವಮೈದುನನ ಕಾವಲುಗಾರರು ಹಾಗೆ ಮಾಡಿ ಕಳ್ಳನ್ನ ಓಡಿಸಿದ್ರು. ನಿಮಗೆ ಬಹುಶಃ ಹುಟ್ಟುವಾಗಲೇ ತಾಯಿಯಿಂದ ಬಂದಿದೆ. ಕಾವಲುಗಾರರು ಅವನನ್ನ ಮನೆಮಗ ಅಂದ್ಕೊಂಡು ಬಿಟ್ಟಿದ್ರು. ಈಗ ತಡವಾಗಿ ಎದ್ದು ಗುದ್ದಾಡ್ತಿದಾರೆ, ಲಿವರ್‌ಗೆ ಗಾಯ ಆಗಿದೆ. ದಿನಾ ಮಾತ್ರೆ ತಗೋಬೇಕು, ಆರು ತಿಂಗಳಿಗೊಮ್ಮೆ ತೋರಿಸ್ಬೇಕು."

"ಅಂದ್ರೆ ನಾನು ಗಟ್ಟಿ ಮೈ ಅಂತ ಬೀಗಿದ್ದು ಕಾವಲುಗಾರರ ಗೊರಕೆ ಕೇಳ್ಕೊಂಡು!" ಎಂದ ಮಾಲೀಕ. ಆಮೇಲೆ ಮೆಲ್ಲಗೆ ಕೇಳಿದ, "ಅವನಿಗೆ ನನ್ನಿಂದಲೇ ಹೋಯ್ತಾ?"

"ಬ್ಲೇಡ್ ಹಂಚ್ಕೊಂಡಿದೀರಲ್ಲ. ಸಾಧ್ಯತೆ ಜಾಸ್ತಿ."

ಇದನ್ನು ಹೇಳಿದರೆ ಭಾವಮೈದುನ ಅಂಗಡಿ ಬಿಟ್ಟು ಹೋಗುತ್ತಾನೆಂಬ ಭಯ ಮಾಲೀಕನಿಗೆ. "ಊರೋರ ಗುಟ್ಟೆಲ್ಲ ಬಿಚ್ಚಿಡೋ ಬಾಯಿ ನಂದು. ನನ್ನ ಗುಟ್ಟು ಬಂದಾಗ ನಾಲ್ಕು ದಿನ ಮೌನವ್ರತ," ಎಂದು ಈಗ ತನ್ನನ್ನೇ ಆಡಿಕೊಳ್ಳುತ್ತಾನೆ. ಐದನೆಯ ದಿನ, ಭಾವಮೈದುನ ನೆಲದ ಕೂದಲು ಗುಡಿಸುತ್ತಿದ್ದಾಗ ಹೇಳಿಯೇಬಿಟ್ಟ: "ನಿನಗೆ ಕಾಮಾಲೆ ಕೊಟ್ಟೋನು ನಾನೇ ಕಣೋ."

ಪೊರಕೆ ನಿಂತಿತು. "ಕೊಟ್ಟಿದ್ದು ನಿಮಗೇ ಗೊತ್ತಿರ್ಲಿಲ್ಲ, ಇರ್ಲಿ. ನಕ್ಕಿದ್ದು ಗೊತ್ತಿತ್ತಲ್ಲ ಭಾವ? ಯಾರ ಮುಂದೆ ನಕ್ರೋ ಅವರ ಮುಂದೇನೇ ಹೇಳಿ. ಇಲ್ಲಾಂದ್ರೆ ನಾಳಿದ್ದಿಂದ ನಾನಿಲ್ಲ."

ಮರುದಿನ ಬೆಳಿಗ್ಗೆ, ಬೆಂಚು ತುಂಬಿದ್ದಾಗ, ಮಾಲೀಕ ಎಲ್ಲವನ್ನೂ ಹೇಳಿದ. "ಇವನ ಮೈ ಹೋರಾಡಿ ಗೆದ್ದಿತು. ನನ್ನದು ಕಳ್ಳನಿಗೆ ಹಾಸಿಗೆ ಹಾಸಿ ಕೊಟ್ಟಿತ್ತು. ನಗೋದಾದ್ರೆ ನನ್ನ ನೋಡಿ ನಗಿ."

ಯಾರೂ ನಗಲಿಲ್ಲ. ಮಾಲೀಕನ ಕುರ್ಚಿಯಲ್ಲಿದ್ದ ಗಿರಾಕಿ ಗಲ್ಲದ ನೊರೆಯೊಂದಿಗೇ ಎದ್ದು ಪಕ್ಕದ ಕುರ್ಚಿಯತ್ತ ಬಂದ. ಭಾವಮೈದುನ ಆ ಕುರ್ಚಿಗೆ ಅಡ್ಡ ನಿಂತ.

"ಅಲ್ಲೇ ಕೂತ್ಕೊಳ್ಳಿ ಸಾರ್. ನಮ್ಮ ಭಾವನ ಕೈಯಲ್ಲಿ ತಪ್ಪಿಲ್ಲ, ಎಲ್ಲಾ ಬಾಯಲ್ಲೇ."