ಒಂದು ಹಿಡಿ ತಳದ ಕೆಸರು

ಕುಂದಾಣದ ಕಡೆ ಬಾವಿಯಲ್ಲಿ ಮುಳುಗಿದವರು ಮೇಲೆ ಬಂದ ಕೂಡಲೇ ಮುಷ್ಟಿ ಬಿಚ್ಚಿ ತೋರಿಸಬೇಕು. ಒಳಗೆ ತಳದ ಕೆಸರಿದ್ದರೆ ತಳ ಮುಟ್ಟಿದ್ದು ನಿಜ, ಇಲ್ಲದಿದ್ದರೆ ಬರೀ ಬೊಗಳೆ. ಆ ಕೆಸರನ್ನು ಮತ್ತೆ ನೀರಿಗೆ ಎಸೆಯುವ ಹಾಗಿಲ್ಲ, ಎಸೆದರೆ ಮುಟ್ಟಿದ್ದೂ ಲೆಕ್ಕಕ್ಕಿಲ್ಲ. ದಂಡೆಯ ಮೇಲೆ ಹಾಕಬೇಕು, ಬಾವಿಯ ಹೂಳು ಅಷ್ಟಾದರೂ ಕಡಿಮೆಯಾಗಲಿ ಎಂದು. ಪ್ರಮೋದಾ ಇದನ್ನು ಕಲಿತದ್ದು ಎಂಟನೇ ವಯಸ್ಸಿನಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ಅಪ್ಪ ದೊಡ್ಡಮುನಿಯಪ್ಪನಿಂದ. ಯಾರ ದ್ರಾಕ್ಷಿ ತೋಟದ ಬಾವಿಗೆ ಬಿಂದಿಗೆ ಬಿದ್ದರೂ, ಪಂಪಿನ ಪೈಪು ಕಳಚಿಕೊಂಡರೂ ಜನ ಅವನನ್ನೇ ಕರೆಯುತ್ತಿದ್ದರು. ಹನ್ನೆರಡು ತುಂಬುವಷ್ಟರಲ್ಲಿ ಮಗಳೂ ಜೊತೆಗೆ ಇಳಿಯುತ್ತಿದ್ದಳು.

ಆಮೇಲೆ ಬೋರ್‌ವೆಲ್‌ಗಳು ಬಂದು ಬಾವಿಗಳು ಬತ್ತಿದವು, ವಿಮಾನ ನಿಲ್ದಾಣ ಬಂದು ಪ್ರಮೋದಾಗೆ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ಆರು ವರ್ಷ ಗುತ್ತಿಗೆಯ ಮೇಲೇ ದುಡಿದಳು. ಏಳನೇ ವರ್ಷ, ಅಂದರೆ ಎರಡು ಸಾವಿರದ ಹದಿನೆಂಟರಲ್ಲಿ, ಕಂಪನಿಗೆ ಇದ್ದಕ್ಕಿದ್ದಂತೆ ಸಮುದ್ರದ ಮೇಲೆ ಪ್ರೀತಿ ಉಕ್ಕಿತು. ಥಾಯ್ಲೆಂಡಿನ ದ್ವೀಪವೊಂದರಲ್ಲಿ ನಾಲ್ಕು ವಾರ ಹವಳ ಉಳಿಸುವ ಸೇವೆಗೆ ನೌಕರರೊಬ್ಬರನ್ನು ಕಳಿಸುತ್ತಾರಂತೆ. ಮ್ಯಾನೇಜರ್ ಶ್ರೀಧರ್ ಅವಳನ್ನು ಕರೆದ.

"ಈಜು ಬರೋದು ನಿಂಗೊಬ್ಬಳಿಗೇ. ಸರ್ಟಿಫಿಕೇಟ್ ತಗೊಂಡ್ ಬಾ, ಬಂದ ತಕ್ಷಣ ಪರ್ಮನೆಂಟ್ ಮಾಡ್ಸ್ತೀನಿ. ಬರಿಗೈಲಿ ಬಂದ್ರೆ ಮಾತ್ರ ಕಾಂಟ್ರಾಕ್ಟೂ ರಿನ್ಯೂ ಆಗಲ್ಲ, ನೋಡ್ಕೋ."

ಆ ಶಿಬಿರದ ಹೊಲಸನ್ನು ಏನೆಂದು ಹೇಳುವುದು? ಹತ್ತು ದೇಶಗಳಿಂದ ಬಂದ ಸ್ವಯಂಸೇವಕರು ಮೈತುಂಬ ಬಿಸಿಲಿನ ಎಣ್ಣೆ ಮೆತ್ತಿಕೊಂಡು ನೀರಿಗಿಳಿಯುವರು. ನೀರಿನ ಮೇಲೆ ಎಣ್ಣೆ ಕಟ್ಟಿದ ಕೆನೆಯಂತೆ ತೇಲುವುದು. ಕಬ್ಬಿಣದ ಚೌಕಟ್ಟಿಗೆ ಹವಳದ ತುಂಡು ಕಟ್ಟುವರು, ಪಕ್ಕದಲ್ಲಿ ತಮ್ಮ ಹೆಸರಿನ ಫಲಕ ತೂಗುಹಾಕುವರು, ಫೋಟೊ ತೆಗೆಸಿಕೊಳ್ಳುವರು. ಹದಿನೈದು ದಿನಕ್ಕೆ ಹವಳ ಬಿಳಿಚಿ ಸಾಯುವುದು. ಹೊಸ ತಂಡ ಬಂದಾಗ ಹಳೆಯ ಫಲಕ ಕಿತ್ತು ಹೊಸದು. ಸಂಜೆ ಎಲ್ಲರೂ ಗುಂಡಗೆ ಕೂತು, ಇವತ್ತು ಸಮುದ್ರ ನಮಗೇನು ಕೊಟ್ಟಿತು ಎಂದು ಕಣ್ಣು ಮುಚ್ಚಿ ಹೇಳುವುದು ಬೇರೆ. ಪ್ರಮೋದಾಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಆದರೂ ಸರ್ಟಿಫಿಕೇಟ್ ನೆನೆದು ಸುಮ್ಮನಿದ್ದಳು.

ಮೂರನೇ ವಾರ ತಳದ ಪರೀಕ್ಷೆ. ಚೌಕಟ್ಟುಗಳ ಸುತ್ತ ಈಜಿ, ತಳ ಹೇಗಿದೆ ಎಂದು ಹಾಳೆಯಲ್ಲಿ ಗುರುತು ಹಾಕಿ ಸಹಿ ಮಾಡಬೇಕು. ಪ್ರಮೋದಾ ಇಳಿದಳು. ಎಂಟಾಳು ಆಳದಲ್ಲಿ ತಳ ಕಂಡದ್ದೇ ತಡ, ಬಾವಿಯ ಅಭ್ಯಾಸ ಬಿಡಲಿಲ್ಲ. ಕೈ ತಾನಾಗಿ ಮುಂದೆ ಹೋಗಿ ಒಂದು ಹಿಡಿ ಬಾಚಿತು. ಮೇಲೆ ಬಂದು ಮುಖವಾಡ ಕಿತ್ತು, ದೋಣಿಯಲ್ಲಿದ್ದವರ ಮುಂದೆ ಹೆಮ್ಮೆಯಿಂದ ಮುಷ್ಟಿ ಬಿಚ್ಚಿದಳು.

ಗಪ್ಪೆಂದು ನಾತ ಹೊಡೆಯಿತು. ಕಪ್ಪು ಲೋಳೆ, ಅದರಲ್ಲಿ ಒದ್ದೆ ಟಿಶ್ಯೂ, ಕಿವಿಗೆ ಹಾಕುವ ಹತ್ತಿಕಡ್ಡಿ, ನಾಲ್ಕು ಹಳದಿ ಮ್ಯಾಕರೋನಿ. ಮೊನ್ನೆ ಬುಧವಾರದ ಊಟದ್ದೇ ಅದು. ಪಾತ್ರೆ ತೊಳೆಯುವ ಸರದಿ ಅವಳದ್ದಾಗಿದ್ದರಿಂದ ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಶಿಬಿರದ ಅಡುಗೆಮನೆ, ಕಕ್ಕಸು ಎರಡರ ಕೊಳವೆಯೂ ಅದೇ ಹವಳದ ಬುಡಕ್ಕೆ ಬಂದು ಬೀಳುತ್ತಿತ್ತು.

ತರಬೇತುದಾರ ಎರಿಕ್ ಕೆಂಪಗಾದ. ಕೆಸರು ಕಂಡಲ್ಲ, ಅವಳ ಕೈ ಕಂಡು.

"ಏನನ್ನೂ ಮುಟ್ಟಬಾರದು, ಏನನ್ನೂ ಮೇಲೆ ತರಬಾರದು! ಮೊದಲ ನಿಯಮವೇ ಅದು. ಎಸೆ ಅದನ್ನು, ನೀರಿಗೆ!"

"ಇದು ನಮ್ಮ ಅಡುಗೆಮನೆಯದ್ದು ಸಾರ್."

"ಸರ್ಟಿಫಿಕೇಟ್ ಬೇಕೋ ಬೇಡವೋ?"

ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಪಾಪ ಹವಳ ಎಂದು ಅಳುತ್ತಿದ್ದಳು. ಪ್ರಮೋದಾ ಒಂದು ಗಳಿಗೆ ಕೈ ಚಾಚಿಕೊಂಡೇ ಇದ್ದಳು. ಆಮೇಲೆ ಕೈಯನ್ನು ನೀರಲ್ಲಿ ಅದ್ದಿ ಬೆರಳು ಬಿಡಿಸಿದಳು. ಹುಟ್ಟಿದಾಗಿನಿಂದ ಮಾಡದಿದ್ದ ಕೆಲಸ. ಸಂಜೆ ಗುಂಡಗೆ ಕೂತವರ ನಡುವೆ ಅವಳನ್ನು ನಿಲ್ಲಿಸಿ ಸಮುದ್ರದ ಕ್ಷಮೆಯನ್ನೂ ಕೇಳಿಸಿದರು, ಕೇಳಿದಳು. ಹಾಳೆಯಲ್ಲಿ 'ತಳ ಸ್ವಚ್ಛ' ಎಂಬುದಕ್ಕೆ ಎರಿಕ್ ಮೊದಲೇ ಗುರುತು ಹಾಕಿದ್ದ. ಕೆಳಗೆ ತನ್ನ ಹೆಸರು ಬರೆದಳು. ಥೂ, ಅನ್ನಿಸಿತು. ಎರಿಕ್‌ನ ಮೇಲಲ್ಲ, ಪೆನ್ನು ಹಿಡಿದ ತನ್ನ ಕೈಯ ಮೇಲೆ.

ಶ್ರೀಧರ್ ಮಾತಿಗೆ ತಪ್ಪಲಿಲ್ಲ. ಪರ್ಮನೆಂಟ್ ಆದೇಶ ಬಂತು, ಆಫೀಸಿನ ಗೋಡೆಯ ಮೇಲೆ ಹವಳದ ಪಕ್ಕ ನಗುತ್ತಿರುವ ಅವಳ ಫೋಟೊ ಬಂತು. ಆದೇಶ ಹಿಡಿದು ಮನೆಗೆ ಬಂದಳು. ದೊಡ್ಡಮುನಿಯಪ್ಪ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಕಾಗದವನ್ನು ಕಣ್ಣಿಗೊತ್ತಿಕೊಂಡು, ಮಡಿಸಿ ಪಕ್ಕಕ್ಕಿಟ್ಟ. ಅವನಿಗೆ ಬೇಕಿದ್ದದ್ದು ಬೇರೆ.

"ಸಮುದ್ರದಾಗೂ ತಳ ಸಿಕ್ತಾ ಮಗಾ?"

"ಸಿಕ್ತು ಕಣಪ್ಪ."

"ಕೆಸರು ತಂದ್ಯಾ?"

"ತಂದೆ."

"ಎಲ್ಲಿ ಹಾಕ್ದೆ?"

ಅವಳು ಅವರೆಕಾಯಿ ಸಿಪ್ಪೆಯನ್ನು ನೋಡುತ್ತ ನಿಂತಳು. "ವಾಪಸ್ ನೀರಿಗೇ ಹಾಕ್ಬಿಟ್ಟೆ."

ದೊಡ್ಡಮುನಿಯಪ್ಪನ ಬೆರಳು ನಿಂತವು.

"ಹಂಗಾದ್ರೆ ನೀನು ತಳ ಮುಟ್ಟಿಲ್ಲ ಬಿಡವ್ವ," ಎಂದು ಮತ್ತೊಂದು ಕಾಯಿ ಎತ್ತಿಕೊಂಡ.

ಪ್ರಮೋದಾ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು, ಮತ್ತೆ ತೊಳೆದಳು. ನಾತ ಇನ್ನೂ ಇತ್ತು.