ಹಾಲಮ್ಮ ಕಂಟ್ರೋಲರ್ ಕೆಳಗಿಡಲಿಲ್ಲ

ಹಾಲಮ್ಮ ಕಂಟ್ರೋಲರ್ ಕೆಳಗಿಡಲಿಲ್ಲ. ಕೆಳಗಿಟ್ಟಳು ಎಂದು ಬರೆದವಳು ನಾನು. ಗೊತ್ತಿದ್ದೇ ಬರೆದೆ. ಆ ಎರಡು ಸಾಲಿನ ಸುಳ್ಳಿನಿಂದ ಕೊಟ್ರೇಶ ಎಂಬ ನನ್ನ ಗೆಳೆಯ ತನ್ನ ವಿದ್ಯೆಯನ್ನೇ ನಂಬುವುದನ್ನು ಬಿಟ್ಟ. ಎಂಟು ವರ್ಷ ಇದನ್ನು ನುಂಗಿಕೊಂಡು ಓಡಾಡಿದ್ದೇನೆ. ಇನ್ನು ನುಂಗುವುದಿಲ್ಲ — ಯಾರಿಗೆ ಮುಜುಗರವಾಗುತ್ತದೋ ಆಗಲಿ.

ಇದನ್ನು ನಮ್ಮ ವಿಡಿಯೋ ಗೇಮ್ ಸ್ಟುಡಿಯೋದ ಇತಿಹಾಸ ಎಂದೇ ಓದಿಕೊಳ್ಳಿ. ಇನ್ನೊಂದು ಇತಿಹಾಸವೂ ಸಿದ್ಧವಾಗಿದೆ, ನುಣ್ಣಗೆ ಇಸ್ತ್ರಿ ಮಾಡಿಟ್ಟದ್ದು. ಅದಕ್ಕೆ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ.

ದಾವಣಗೆರೆಯಲ್ಲಿ ವಿಡಿಯೋ ಗೇಮಾ ಎಂದು ನಕ್ಕವರು ಬಹಳ. ಹೌದ್ರಿ, ದಾವಣಗೆರೆಯಲ್ಲೇ! ಪಿ.ಜೆ. ಬಡಾವಣೆಯಲ್ಲಿ ಲೇಡೀಸ್ ಟೈಲರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಅದೂ ಮೊಬೈಲಿನಲ್ಲಿ ಬೆರಳು ಸವರುವ ಆಟವಲ್ಲ — ಟಿವಿಗೆ ಜೋಡಿಸಿ, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡುವ ಕನ್ಸೋಲ್ ಆಟ. ಶುರು ಮಾಡಿದವರು ಮೂವರು. ಚಿತ್ರ, ಬಣ್ಣ ನಾಗರಾಜನದು. ಆಟದ ಹಂತಗಳನ್ನು ಕಟ್ಟುವುದು ನನ್ನದು ಮತ್ತು ಕೊಟ್ರೇಶನದು. ಕೊಟ್ರೇಶ ಹರಿಹರದವನು, ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದ. ಬಂದವನು ಚೀಲ ಇಡುವ ಮೊದಲೇ ಮಾತು ಶುರು: "ಏ ಗಿರಿಜಾ, ಬಸ್ಸಿನ್ಯಾಗ ಒಂದು ಐಡಿಯಾ ಬಂತು ನೋಡು." ಹತ್ತರಲ್ಲಿ ಎಂಟು ಐಡಿಯಾ ದಂಡ. ಉಳಿದ ಎರಡು ನನಗೆ ಏಳು ಜನ್ಮಕ್ಕೂ ಹೊಳೆಯುವಂಥವಲ್ಲ. ಇದು ಆಗಲೂ ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ —

ಇರಲಿ, ಅಲ್ಲಿಗೇ ಬರುತ್ತೇನೆ.

ನಮ್ಮ ಮೊದಲ ಆಟ ತುಂಗಭದ್ರೆಯ ಮೇಲೆ ತೆಪ್ಪ ನಡೆಸುವ ಒಬ್ಬ ಮುದುಕನದು. ಉಕ್ಕಡಗಾತ್ರಿಗೆ ಹೋಗುವ ಭಕ್ತರನ್ನು ಒಬ್ಬೊಬ್ಬರಾಗಿ ಹೊಳೆ ದಾಟಿಸುತ್ತಾನೆ. ಒಬ್ಬೊಬ್ಬರ ಸಂಕಟವೂ ಒಂದೊಂದು ಹಂತ. ಕೊನೆಯ ಹಂತದಲ್ಲಿ ತೆಪ್ಪದಲ್ಲಿ ಮುದುಕ ಒಬ್ಬನೇ. ಆ ಕೊನೆ ಹೇಗಿರಬೇಕು ಎನ್ನುವುದೇ ನಮ್ಮ ಜಗಳ. ನಾನು ಒಂದು ಕಟ್ಟಿದೆ, ಆತ ಒಂದು ಕಟ್ಟಿದ. ನನ್ನದರಲ್ಲಿ ಪ್ರವಾಹ, ಬಂಡೆ, ಸುಳಿ — ಐದು ಗುಂಡಿಗಳನ್ನು ಚಕಚಕನೆ ಒತ್ತಬೇಕು. ಕೊಟ್ರೇಶನದರಲ್ಲಿ ಏನನ್ನೂ ಒತ್ತಬಾರದು. ಮುದುಕನ ಕೈಯಿಂದ ಹುಟ್ಟುಗೋಲು ಜಾರಿ ಹೋಗಿದೆ. ಯಾವ ಗುಂಡಿ ಒತ್ತಿದರೂ ತೆಪ್ಪ ನಡುನೀರಲ್ಲಿ ಗಿರಗಿರ ಸುತ್ತುತ್ತದೆ. ಕೈ ಬಿಟ್ಟು ಸುಮ್ಮನೆ ಕೂತರೆ ಮಾತ್ರ ಹೊಳೆಯೇ ಅದನ್ನು ಮೆಲ್ಲಗೆ ಆಚೆ ದಡಕ್ಕೆ ಒಯ್ಯುತ್ತದೆ.

"ಹುಚ್ಚನ ಹಂಗೆ ಮಾಡ್ಬ್ಯಾಡ. ಆಟ ಆಡಾಕೆ ಬಂದೋರಿಗೆ ಆಡಬ್ಯಾಡ ಅಂದ್ರೆ ಹೆಂಗೆ?" ಎಂದೆ.

"ನೀ ಸುಮ್ನಿರು. ಸೋಮವಾರ ನೋಡಾಣ," ಎಂದ.

ಸೋಮವಾರ ಎಂದರೆ ನಮ್ಮಲ್ಲಿ ಪರೀಕ್ಷೆಯ ದಿನ. ಕೆಳಗಿನ ಟೈಲರ್ ಅಂಗಡಿಗೆ ಬಂದ ಯಾರನ್ನಾದರೂ, ಜೀವನದಲ್ಲಿ ಕಂಟ್ರೋಲರ್ ಮುಟ್ಟದವರನ್ನು, "ಬರ್ರಿ, ಹತ್ತು ನಿಮಿಷ ಕೂಡ್ರಿ" ಎಂದು ಕರೆದು ಆಡಿಸುತ್ತಿದ್ದೆವು. ಹಂತ ಕಟ್ಟಿದವರು ಕೋಣೆಯಲ್ಲಿ ಇರಕೂಡದು. ಇದ್ದರೆ ಬಾಯಿ ಸುಮ್ಮನಿರುವುದಿಲ್ಲ, ಹಾಗೆ ಮಾಡಿ ಹೀಗೆ ಮಾಡಿ ಎಂದು ಹೇಳಿಬಿಡುತ್ತಾರೆ. ಬೇರೊಬ್ಬರು ಹಿಂದೆ ಕೂತು, ಆಡುವವರ ಕೈ ನೋಡಿ ಚೀಟಿ ಬರೆಯಬೇಕು. ಮುಗಿಸದೆ ನಡುವೆಯೇ ಕಂಟ್ರೋಲರ್ ಕೆಳಗಿಟ್ಟರೆ ಆ ಹಂತ ರದ್ದು — ವಾದವಿಲ್ಲ, ಎರಡನೇ ಸರದಿಯಿಲ್ಲ. ರದ್ದಾದದ್ದನ್ನು ಕಟ್ಟಿದವರೇ ತಮ್ಮ ಕೈಯಾರೆ ಅಳಿಸಬೇಕು, ಇಲ್ಲದಿದ್ದರೆ ಮೋಹ ಬಿಡುವುದಿಲ್ಲ. ಈ ಕಾನೂನುಗಳೆಲ್ಲ ಕೊಟ್ರೇಶನವೇ. ಚೀಟಿ ಬರೆಯುವವರು ಸುಳ್ಳು ಬರೆದರೆ ಏನು ಗತಿ ಎಂಬ ಕಾನೂನು ಮಾತ್ರ ಆತ ಮಾಡಿರಲಿಲ್ಲ. ಅಂಥದ್ದು ಆತನ ತಲೆಗೇ ಬಂದಿರಲಿಕ್ಕಿಲ್ಲ.

ನನ್ನ ಪ್ರವಾಹದ ಹಂತ ಹಿಂದಿನ ವಾರವೇ ಪಾಸಾಗಿತ್ತು. ಒಬ್ಬ ಎಲೆಕ್ಟ್ರಿಷಿಯನ್ ಆಡಿ ಮುಗಿಸಿ, "ಚಲೋ ಐತ್ರಿ" ಎಂದು ಹೇಳಿ, ಆ ಮಾತು ಮುಗಿಯುವಷ್ಟರಲ್ಲೇ ಮೊಬೈಲ್ ತೆಗೆದು ನೋಡಿಕೊಳ್ಳುತ್ತಾ ಇಳಿದುಹೋಗಿದ್ದ.

ಕೊಟ್ರೇಶನ ಹಂತಕ್ಕೆ ಬಂದವಳು ಹಾಲಮ್ಮ. ಆನಗೋಡಿನ ಹೆಣ್ಣುಮಗಳು, ಐವತ್ತರ ಆಸುಪಾಸು. ಮಗಳ ಬ್ಲೌಸಿನ ಅಳತೆ ಕೊಡಲು ಬಂದಿದ್ದಳು. ಕೊಟ್ರೇಶ ರಸ್ತೆಯಾಚೆ ಚಹಾದಂಗಡಿಗೆ ಹೋಗಿ ಕೂತ. ನಾಗರಾಜ ಊರಲ್ಲಿರಲಿಲ್ಲ. ಕೋಣೆಯಲ್ಲಿ ನಾವಿಬ್ಬರೇ.

ಮೊದಲು ಆಕೆ ಎಲ್ಲರ ಹಾಗೇ ಗುಂಡಿ ಒತ್ತಿದಳು. ತೆಪ್ಪ ಸುತ್ತಿತು. "ಥೂ ಇದರ! ಏನ್ ಒತ್ತಿದ್ರೂ ತಿರುಗ್ತತಲ್ಲ!" ಎಂದಳು. ಮತ್ತೆ ಒತ್ತಿದಳು, ಮತ್ತೆ ಸುತ್ತಿತು. ಈಗ ಇಡುತ್ತಾಳೆ ಎಂದುಕೊಂಡೆ. ಇಡಲಿ ಎಂದುಕೊಂಡೆ — ಅದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಆಕೆ ಇಡಲಿಲ್ಲ. ಬೆರಳುಗಳನ್ನು ಮೆಲ್ಲಗೆ ಸಡಿಲಿಸಿ, ಕಂಟ್ರೋಲರನ್ನು ತೊಡೆಯ ಮೇಲೆ ಹಾಗೇ ಹಿಡಿದುಕೊಂಡು ಕೂತಳು. ತೆಪ್ಪ ಸುತ್ತುವುದನ್ನು ನಿಲ್ಲಿಸಿತು. "ಬಿಟ್ರೆ ತಾನೇ ಹೋಗ್ತತೆ ಕಣವ್ವ," ಎಂದು ಪಿಸುಗುಟ್ಟಿದಳು. ಪೂರಾ ಏಳು ನಿಮಿಷ ಕಣ್ಣು ಕೀಳದೆ ನೋಡಿದಳು. ತೆಪ್ಪ ದಡ ಮುಟ್ಟಿತು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮಪ್ಪನ್ನ ಹಿಂಗೆ ಬಿಡಬೇಕಾಗಿತ್ತು ನಾನು," ಎಂದಳು. "ಈ ಆಸ್ಪತ್ರೆ ಆ ಆಸ್ಪತ್ರೆ ಅಂತ ಎಳದಾಡಿಬಿಟ್ಟೆ. ಮನಿಗೆ ಕರ್ಕಂಡು ಹೋಗವ್ವ, ಸಾಕು ಅಂದಿದ್ದ ಆತ." ಆಮೇಲೆ, "ಇನ್ನೊಂದ್ಸಲ ಹಾಕ್ರಿ," ಎಂದಳು. ಹಾಕಿದೆ. ಮತ್ತೆ ಏಳು ನಿಮಿಷ.

ಆಕೆ ಹೋದ ಮೇಲೆ ನಾನು ಚೀಟಿ ಬರೆದೆ. "ನಾಲ್ಕನೇ ನಿಮಿಷಕ್ಕೆ ಕೆಳಗಿಟ್ಟರು. ಏನು ಒತ್ತಿದರೂ ನಡೆಯುವುದಿಲ್ಲ ಎಂದು ಸಿಟ್ಟಾದರು."

ಯಾಕೆ ಎಂದು ಕೇಳುತ್ತೀರಿ. ಕನ್ಸೋಲ್ ಕಂಪನಿಗೆ ಆಟ ಕಳಿಸುವ ದಿನ ಹತ್ತಿರ ಬಂದಿತ್ತು, ಆತನ ಹಂತ ಇನ್ನೂ ಹಸಿಯಾಗಿತ್ತು, ತಿದ್ದಲು ತಿಂಗಳುಗಳೇ ಬೇಕಿತ್ತು — ಇವೆಲ್ಲ ನಿಜ. ನಿಜವಾದರೂ ಕಾರಣ ಇವಲ್ಲ. ಕಾರಣ ಹೊಟ್ಟೆಕಿಚ್ಚು, ಅಷ್ಟೇ. ನಾನು ವರ್ಷಗಟ್ಟಲೆ ಕೂತರೂ ನನ್ನ ಯಾವ ಬಂಡೆ, ಯಾವ ಸುಳಿಯೂ ಒಬ್ಬ ಹೆಂಗಸಿನಿಂದ ಅಂಥ ಮಾತು ಹೊರಡಿಸಲಾರದು ಎಂದು ಆ ಕೋಣೆಯಲ್ಲಿ ನನಗೆ ಗೊತ್ತಾಯಿತು. ಅದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ವಯಸ್ಸು ಚಿಕ್ಕದು ಎಂದು ಸಮಾಧಾನ ಹೇಳಲು ಬರಬೇಡಿ. ಮೂವತ್ತೊಂದು ವರ್ಷ ಆಗಿತ್ತು ನನಗೆ, ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲದ ಕೂಸಲ್ಲ.

ಕೊಟ್ರೇಶ ಮೆಟ್ಟಿಲು ಹತ್ತಿ ಬಂದು ಚೀಟಿ ಓದಿದ.

"ಸಿಟ್ಟಿಗೆದ್ರಾ?"

"ಹ್ಞೂಂ," ಎಂದೆ.

ಆತ ಕಂಪ್ಯೂಟರಿನ ಮುಂದೆ ಕೂತು, ಎಂಟು ತಿಂಗಳ ಕೆಲಸವನ್ನು ತನ್ನ ಕೈಯಾರೆ ಅಳಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಅಳಿಸಬೇಕೇ ಎಂದು ಯಂತ್ರ ಎರಡು ಸಲ ಕೇಳಿತು. ನಾನು ಬಾಯಿ ಬಿಡಬಹುದಿತ್ತು — ಎರಡು ಸಲ. ಬಿಡಲಿಲ್ಲ. "ಚಾ ಕುಡಿಯಾಣ ಬಾ," ಎಂದೆ. ಅಯ್ಯೋ, ಅದೇ ನೋಡಿ ಇವತ್ತಿಗೂ ನನ್ನನ್ನು ಸುಡುವುದು.

ಆಟ ನನ್ನ ಪ್ರವಾಹದೊಂದಿಗೆ ಹೊರಬಂತು. ಜನ ಆಡಿದರು, ಮೆಚ್ಚಿದರು. ಇದೇ ಊರಿನಲ್ಲಿ ಇನ್ನೂ ಎರಡು ಆಟ ಮಾಡಿದೆವು, ಒಂದು ಕೋಣೆಯಿಂದ ಒಂದು ಮಹಡಿಗೆ ಬೆಳೆದೆವು. ಅದಕ್ಕೆ ನನಗೆ ನಾಚಿಕೆಯಿಲ್ಲ. ಆ ದುಡಿಮೆ ಸುಳ್ಳಲ್ಲ, ಅದರ ಮೇಲೆ ಉಗುಳಿಸಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆದರೆ ಕೊಟ್ರೇಶ ಆರು ತಿಂಗಳಲ್ಲಿ ಬಿಟ್ಟುಹೋದ. ಕೊನೆಯ ದಿನ ಬಸ್ ಹತ್ತುವ ಮುಂಚೆ, "ನನಗೆ ಜನದ ಕೈ ತಿಳಿಯಂಗಿಲ್ಲ ಗಿರಿಜಾ," ಎಂದ. "ಮಷೀನೇ ಸರಿ ನನಗೆ." ಹರಿಹರದಲ್ಲಿ ನೀರಿನ ಪಂಪು ರಿಪೇರಿ ಮಾಡುವ ವರ್ಕ್‌ಶಾಪು ಸೇರಿದ. ಪಂಪು ರಿಪೇರಿ ಕೀಳು ಕೆಲಸ ಎನ್ನುತ್ತಿಲ್ಲ, ಎಂದವರ ಬಾಯಿ ಮುಚ್ಚಿಸುತ್ತೇನೆ. ಆತ ಅದನ್ನು ಆರಿಸಿಕೊಂಡಿದ್ದರೆ ಬೇರೆ ಮಾತು. ನಾನು ತಳ್ಳಿದೆ.

ಈಗ ಆ ಮೊದಲ ಆಟದ ಹೊಸ ಆವೃತ್ತಿ ಬರಲಿದೆ, ಜೊತೆಗೆ ಸ್ಟುಡಿಯೋದ ಇತಿಹಾಸವೂ. ನಾಗರಾಜ ಕರಡು ತಂದ. ಅದರಲ್ಲಿ ಒಂದು ವಾಕ್ಯ: "ಕೊಟ್ರೇಶ್ ಅವರ ಕೊನೆಯ ಹಂತ ಆಟಗಾರರಿಗೆ ಹಿಡಿಸದ ಕಾರಣ ಕೈಬಿಡಲಾಯಿತು." ನಾನು ಪೆನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ನಾಗರಾಜನ ಮುಖ ಕಪ್ಪಿಟ್ಟಿತು.

"ಅಲ್ಲ ಗಿರಿಜಾ, ಈಗ ಯಾಕ ಕೆದಕ್ತಿ? ಆತ ಮರ್ತಿರ್ತಾನ. ನಮ್ ಹೆಸ್ರು ಏನಾಗ್ಬೇಕು?"

"ಹಾಳಾದ್ರೆ ನನ್ನ ಹೆಸ್ರು ಹಾಳಾಗ್ಲಿ. ನೀ ಬೇಕಾದ್ರೆ ನನ್ನ ತೆಗದು ಹಾಕು. ಆ ಸಾಲು ಮಾತ್ರ ಅಚ್ಚಾಗಾಕೆ ಬಿಡಂಗಿಲ್ಲ."

ಮರುದಿನ ಮಧ್ಯಾಹ್ನ ಹರಿಹರಕ್ಕೆ ಹೋದೆ. ವರ್ಕ್‌ಶಾಪಿನಲ್ಲಿ ಕೊಟ್ರೇಶ ಬಿಚ್ಚಿದ ಮೋಟಾರೊಂದರ ಮುಂದೆ ಕೂತಿದ್ದ, ಕೂದಲು ನೆರೆತಿತ್ತು. "ಬಾ, ಕೂಡು," ಎಂದು ಸ್ಟೂಲು ಒರೆಸಿ ಕೊಟ್ಟ. ನಾನು ಕೂರಲಿಲ್ಲ. ನಿಂತೇ ಹೇಳಿದೆ — ಹಾಲಮ್ಮ, ಏಳು ನಿಮಿಷ, ಇನ್ನೊಂದ್ಸಲ ಹಾಕ್ರಿ, ಅವಳ ಅಪ್ಪ, ನನ್ನ ಚೀಟಿ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ.

ಆತ ಕೈಯಲ್ಲಿದ್ದ ಸ್ಪ್ಯಾನರನ್ನು ಮೋಟಾರಿನ ಪಕ್ಕಕ್ಕಿಟ್ಟ. ಆಮೇಲೆ, ನನ್ನನ್ನು ನೋಡದೆಯೇ, ಸಣ್ಣ ದನಿಯಲ್ಲಿ ಕೇಳಿದ:

"ಚಲೋ ಇತ್ತಾ?"

ತಾನು ಕಟ್ಟಿದ ಆ ಕೊನೆಯ ಹಂತವನ್ನು ಇನ್ನೊಬ್ಬರು ಆಡುವುದನ್ನು ಆತ ಒಂದು ಸಲವೂ ನೋಡಿಲ್ಲ. ಅಳಿಸಿದ್ದು ಮರಳಿ ಬರುವುದಿಲ್ಲ. ಎಂಟು ವರ್ಷಗಳ ನಂತರ ಆತನಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ, ಅದು ಇಷ್ಟು ಕಾಲ ನನ್ನ ಬಾಯೊಳಗೇ ಇತ್ತು.

"ಇತ್ತು ಕೊಟ್ರೇಶ. ನನ್ನದಕ್ಕಿಂತ ಭಾಳ ಚಲೋ ಇತ್ತು."

ಆತ ತಲೆಯಾಡಿಸಿದ. "ಇನ್ನ ಹೋಗು," ಎಂದ.

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿಲ್ಲ. ಬಾಗಿಲು ದಾಟುವಾಗ ತಿರುಗಿ ನೋಡಿದೆ. ಆತ ಗ್ರೀಸು ಹತ್ತಿದ ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವನ್ನೇ ನೋಡುತ್ತಾ ಕೂತಿದ್ದ.